ವಜ್ರ ಸಿಗದ ಊರು, ವಜ್ರದ ಪೇಟೆ

ನಾನು ಹೈದರಾಬಾದಿಗೆ ಬಂದು 26 ವರ್ಷವಾಯಿತು. ಊರಿಂದ ಯಾರೇ ಬರಲಿ, ಚಾರ್‌ಮಿನಾರ್, ಬಿರ್ಲಾ ಮಂದಿರ, ಸಾಲಾರ್ ಜಂಗ್ ಮ್ಯೂಸಿಯಂ, ಕೊನೆಗೆ ಗೋಲ್ಕೊಂಡ – ಈ ಸುತ್ತು ತಪ್ಪಿದ್ದಲ್ಲ. ನಮ್ಮ ವೇದಿಕೆಯ ಗೆಳತಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಸರಾ ರಜೆ, ಬೇಸಿಗೆ ರಜೆ ಬಂತೆಂದರೆ ನಾವೆಲ್ಲ ಸಂಬಳವಿಲ್ಲದ ಗೈಡುಗಳೇ. ಗೋಲ್ಕೊಂಡದ ಮೆಟ್ಟಿಲುಗಳನ್ನು ಹದಿನೈದು ಸಲವಾದರೂ ಹತ್ತಿರಬೇಕು ನಾನು. ಬಾಗಿಲಲ್ಲಿ ನಿಂತು ಚಪ್ಪಾಳೆ, ಮೇಲೆ ಹೋಗಿ ಫೋಟೋ, ಕೆಳಗಿಳಿದು ಒಂದು ಸೋಡಾ. ನನ್ನ ಇತಿಹಾಸ ಜ್ಞಾನ ಅಲ್ಲಿಗೆ ಮುಗಿಯುತ್ತಿತ್ತು.

ಹೋದ ಡಿಸೆಂಬರಿನಲ್ಲಿ ಕಲಬುರಗಿಯಿಂದ ಅತ್ತೆ ಬಂದರು. ಅವರಿಗೆ 79 ವರ್ಷ. ಮೊಣಕಾಲು ನೋವು ಬಿಟ್ಟರೆ ಬೇರೆ ತಕರಾರಿಲ್ಲ. ಅವರ ಕಿವಿಯಲ್ಲಿ ಏಳು ಕಲ್ಲಿನ ವಜ್ರದ ಬೆಂಡೋಲೆ. ಅವರ ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಅವರಿಗೆ ಬಂದದ್ದು. ನಿಜಾಮರ ಕಾಲದಲ್ಲಿ ಹೈದರಾಬಾದಿನ ಪೇಟೆಯಲ್ಲೇ ಮಾಡಿಸಿದ್ದು, ಅಪ್ಪಟ ಗೋಲ್ಕೊಂಡದ ವಜ್ರ ಎಂದು ಮನೆಯಲ್ಲಿ ಮೊದಲಿಂದ ನಡೆದುಬಂದ ಮಾತು. ಈ ಸಲ ಅವರು ಬಂದದ್ದು ಸುಮ್ಮನೆ ಅಲ್ಲ. ನನ್ನ ಮಗಳು ಹೊರದೇಶಕ್ಕೆ ಓದಲು ಹೋಗುವವಳಿದ್ದಾಳೆ, ಬ್ಯಾಂಕಿನ ಸಾಲ ಸಾಲುತ್ತಿಲ್ಲ. ಓಲೆ ಮಾರಿ ಅವಳ ಫೀಸಿಗೆ ಹಾಕಿರಿ ಎಂದು ಅತ್ತೆ ಫೋನಿನಲ್ಲಿ ಹೇಳಿದ್ದರು. ನನ್ನವರಿಗೆ ಅದು ಬಿಲ್ಕುಲ್ ಒಪ್ಪಿಗೆಯಿಲ್ಲ. ನನಗೆ ಬೇಕು ಅನ್ನಲೂ ಬಾಯಿಲ್ಲ, ಬೇಡ ಅನ್ನಲೂ ಧೈರ್ಯವಿಲ್ಲ. ಮನೆಯಲ್ಲಿ ಎರಡು ದಿನ ಮಾತು ಬಿಗಿಯಾಗಿತ್ತು.

ಮೂರನೇ ದಿನ ಬೆಳಿಗ್ಗೆ ಚಹಾ ಕುಡಿಯುತ್ತ ಅತ್ತೆ ಅಂದರು: "ನೋಡವಾ, ಮಗಳನ್ನ ಕೊಡೋ ಮುಂದ ಒಂದು ಸಲ ತವರಿಗೆ ಕರ್ಕೊಂಡು ಹೋಗ್ತೀವಿಲ್ಲೋ? ಇವುಕ್ಕೂ ಒಮ್ಮೆ ತವರು ತೋರಿಸೂಣು. ಗೋಲ್ಕೊಂಡದಾಗ ಆ ವಜ್ರ ತೆಗೀತಿದ್ದ ಗಣಿ ಎಲ್ಲದ, ಅದನ್ನ ತೋರಿಸು."

ಗಣಿ! ಹದಿನೈದು ಸಲ ಹತ್ತಿ ಇಳಿದರೂ ನಾನು ಅಲ್ಲಿ ಒಂದು ಗಣಿಯನ್ನೂ ಕಂಡವಳಲ್ಲ. ಕಾಣುವುದು ಹೇಗೆ? ಗೋಲ್ಕೊಂಡದಲ್ಲಿ ವಜ್ರದ ಗಣಿಯೇ ಇಲ್ಲ. ಅಂದಿನಿಂದ ಎರಡು ವಾರ ಕೈಗೆ ಸಿಕ್ಕಿದ್ದನ್ನೆಲ್ಲ ಓದಿ, ಒಂದು ಭಾನುವಾರ ಅತ್ತೆಯನ್ನೂ ಮಗಳನ್ನೂ ಕರೆದುಕೊಂಡು ಹೊರಟೆ.

ಫತೇ ದರ್ವಾಜಾದಿಂದ ಒಳಹೊಕ್ಕರೆ ಕೋಟೆ ತಕ್ಷಣ ಸಿಗುವುದಿಲ್ಲ, ಮೊದಲು ಸಿಗುವುದು ಊರು. ಸುಮಾರು 11 ಕಿಲೋಮೀಟರ್ ಸುತ್ತಳತೆಯ ಹೊರಗೋಡೆಯೊಳಗೆ ಇಂದಿಗೂ ಜನ ಬಾಳುತ್ತಿದ್ದಾರೆ. ಮೊಳೆ ಹೊಡೆದ ಆ ದೊಡ್ಡ ಬಾಗಿಲಿನಲ್ಲಿ ಆಟೋ, ಸ್ಕೂಟರ್, ಶಾಲೆಯ ಮಕ್ಕಳು ಎಲ್ಲ ನುಗ್ಗುತ್ತಾರೆ. ಹೂವಿನಂಗಡಿ, ಇರಾನಿ ಚಹಾ, ಹಾಸಿಗೆ ಹೊಲಿಯುವವರು, ಕೋಳಿ ಅಂಗಡಿ ದಾಟಿ ಒಂದು ಮೈಲಿಯಷ್ಟು ಹೋದ ಮೇಲೆ ಬಾಲಾ ಹಿಸಾರ್ ಬಾಗಿಲು. ನಾವು ಟಿಕೆಟ್ ತೆಗೆದುಕೊಂಡು ನೋಡುವ 'ಕೋಟೆ' ಅಂದರೆ ಈ ಊರಿನ ನಡುವಿನ ಗುಡ್ಡ ಮಾತ್ರ. ನಮ್ಮ ಕಲಬುರಗಿ ಕೋಟೆಯೊಳಗೂ ಹೀಗೆಯೇ ಮನೆಗಳಿದ್ದವು ಎಂದು ಅತ್ತೆ ಆಟೋದಲ್ಲಿ ಕುಳಿತೇ ನೆನೆಸಿಕೊಂಡರು.

ನೆನೆಸಿಕೊಳ್ಳಲು ಕಾರಣ ಇನ್ನೂ ಇದೆ. ಗೋಲ್ಕೊಂಡ ಎಂದರೆ ಗೊಲ್ಲರ ಗುಡ್ಡ. ಗೊಲ್ಲ ಎಂಬ ಮಾತಿಗೆ ನಮಗೆ ನಿಘಂಟು ಬೇಕಿಲ್ಲ. ವಾರಂಗಲ್ಲಿನ ಕಾಕತೀಯರ ಕಾಲದಲ್ಲಿ ಇಲ್ಲಿದ್ದದ್ದು ಒಂದು ಮಣ್ಣಿನ ಕೋಟೆ. 1360ರ ದಶಕದಲ್ಲಿ ಮುಸುನೂರಿ ಕಾಪಯ ನಾಯಕ ಅದನ್ನು ಬಹಮನಿ ಸುಲ್ತಾನ ಒಂದನೇ ಮಹಮ್ಮದ್ ಶಾಹನಿಗೆ ಬಿಟ್ಟುಕೊಟ್ಟ. ಆ ಸುಲ್ತಾನ ಆಳುತ್ತಿದ್ದದ್ದು ಎಲ್ಲಿಂದ? ಕಲಬುರಗಿಯಿಂದ. ಮುಂದೆ ರಾಜಧಾನಿ ಬೀದರಿಗೆ ಹೋಯಿತು, ಗೋಲ್ಕೊಂಡ ಬೀದರಿನ ಕೈಕೆಳಗಿನ ಒಂದು ಠಾಣೆಯಾಗಿ ಉಳಿಯಿತು. ಇರಾನಿನ ಹಮದಾನಿನಿಂದ ಬಂದ ಸುಲ್ತಾನ್ ಕುಲಿ ಎಂಬಾತ ಬೀದರಿನ ದರ್ಬಾರಿನಲ್ಲಿ ಮೇಲೆ ಬಂದು, ತೆಲಂಗಾಣದ ಅಧಿಕಾರಿಯಾಗಿ ಇಲ್ಲಿಗೆ ಬಂದವನು. ಕುತುಬ್ ಶಾಹಿ ವಂಶ ಅವನಿಂದಲೇ. ಅವನು ಸ್ವತಂತ್ರನಾದ ವರ್ಷ 1518 ಎಂದು ನಾವು ಶಾಲೆಯಲ್ಲಿ ಉರು ಹೊಡೆದಿದ್ದೇವೆ. ಆದರೆ ಬಾಲಾ ಹಿಸಾರ್ ಬಾಗಿಲ ಹತ್ತಿರ ಅದೇ 1518ರಲ್ಲಿ ಅವನು ಕಟ್ಟಿಸಿದ ಜಾಮಿ ಮಸೀದಿಯ ಶಾಸನದಲ್ಲಿ ದೊರೆಯೆಂದು ಬರೆಸಿದ್ದು ತನ್ನ ಹೆಸರನ್ನಲ್ಲ, ಬೀದರಿನ ಮಹಮೂದ್ ಶಾಹನ ಹೆಸರನ್ನು. ಕೋಟೆಯ ಎಂಟು ಬಾಗಿಲುಗಳಲ್ಲಿ ಒಂದಕ್ಕೆ ಇಂದಿಗೂ ಬಹಮನಿ ದರ್ವಾಜಾ ಎಂದೇ ಹೆಸರು.

"ಹಂಗಾದ್ರ ಇದು ನಮ್ದೇ ಊರು, ನಾ ಏನು ಬೀಗರ ಮನಿಗೆ ಬಂದಿಲ್ಲ" ಎಂದು ಅತ್ತೆ ಸೆರಗು ಸರಿಮಾಡಿಕೊಂಡರು.

ಚಪ್ಪಾಳೆ ಆಯಿತು. ಮಗಳು ಕೆಳಗೆ ನಿಂತು ತಟ್ಟಿದಳು. ಮೇಲೆ ಕೇಳಿತೋ ಇಲ್ಲವೋ ಹೇಳಲು ನಮ್ಮವರು ಯಾರೂ ಮೇಲಿರಲಿಲ್ಲ. 360ರಷ್ಟು ಮೆಟ್ಟಿಲು, 400 ಅಡಿ ಎತ್ತರ. ಅತ್ತೆ ನಿಧಾನವಾಗಿ ಕೂತು ಎದ್ದು, ರಾಮದಾಸನ ಸೆರೆಮನೆಯವರೆಗೆ ಹತ್ತಿದರು. ಭದ್ರಾಚಲದ ದೇಗುಲಕ್ಕೆ ಸರ್ಕಾರದ ಕಂದಾಯದ ಹಣ ಹಾಕಿದ್ದಕ್ಕೆ ಕಂಚರ್ಲ ಗೋಪನ್ನ ಇಲ್ಲಿ ಸೆರೆಯಲ್ಲಿದ್ದ. ಮೇಲಿನ ಕಿಂಡಿಯಿಂದ ಬೀಳುವ ಬೆಳಕಿನಲ್ಲಿ ಗೋಡೆಯ ಮೇಲೆ ಕೆತ್ತಿದ ದೇವರುಗಳಿಗೆ ಅತ್ತೆ ಕೈಮುಗಿದು ಅಲ್ಲೇ ಕುಳಿತರು. ನಾನು, ಮಗಳು ಇನ್ನೂ ಮೇಲೆ ಹೋಗಿ ಅಂಬರ್‌ಖಾನಾ, ಅಂದರೆ ಕಣಜ ನೋಡಿ ಬಂದೆವು. ಬಾಗಿಲ ಶಾಸನದ ಪ್ರಕಾರ ಅದು 1642ರದ್ದು, ಅಬ್ದುಲ್ಲಾ ಕುತುಬ್ ಶಾಹನ ಕಾಲದ್ದು. ಮೇಲೆ ಬಂಡೆಯ ಸಂದಿಯಲ್ಲಿ ಜಗದಂಬೆಯ ಗುಡಿ. ಆಷಾಢದಲ್ಲಿ ನಗರದ ಬೋನಾಲು ಮೊದಲು ಶುರುವಾಗುವುದು ಈ ಗುಡಿಯಿಂದಲೇ. ಅರಿಸಿನ ಬಳಿದು ಬೇವಿನ ಎಲೆ ಕಟ್ಟಿದ ಗಡಿಗೆಯಲ್ಲಿ ಅನ್ನ, ಅದರ ಮೇಲೆ ದೀಪ, ಅದನ್ನು ತಲೆಯ ಮೇಲೆ ಹೊತ್ತು ಹೆಂಗಸರು ಈ ಮೆಟ್ಟಿಲುಗಳನ್ನೆಲ್ಲ ಹತ್ತುತ್ತಾರೆ. ನಮ್ಮ ಹಳೆಗನ್ನಡದಲ್ಲೂ ಬೋನ ಅಂದರೆ ಅನ್ನವೇ. ಮದುವೆಯಾದ ಹೊಸತರಲ್ಲಿ ಒಮ್ಮೆ ಈ ಜಾತ್ರೆ ನೋಡಲು ಬಂದು, ಕಾಲಿಡಲು ಜಾಗವಿಲ್ಲದೆ ಅರ್ಧ ದಾರಿಯಿಂದ ಹಿಂದಿರುಗಿದ್ದೆ. ಹಿಂದಿರುಗಿದ್ದು ಬರಿಗೈಯ ನಾನು. ಗಡಿಗೆ ಹೊತ್ತವರು ಮೇಲೆ ಹೋಗುತ್ತಲೇ ಇದ್ದರು.

ಕೆಳಗಿಳಿದು ಬಂದಾಗ ಅತ್ತೆ ಮತ್ತೆ ಕೇಳಿದರು: "ಗಣಿ ಎಲ್ಲದ?"

ಆಗ ಅಲ್ಲೇ ಕಲ್ಲಿನ ಮೇಲೆ ಕುಳಿತು, ಓದಿದ್ದನ್ನು ಹೇಳಿದೆ. ವಜ್ರ ಸಿಗುತ್ತಿದ್ದದ್ದು ಕೃಷ್ಣಾ ನದಿಯ ದಡಗಳಲ್ಲಿ, ಇನ್ನು ಕೆಲವು ಕಡೆ ಈಗಿನ ಕರ್ನೂಲು ಸೀಮೆಯಲ್ಲಿ. ಎಲ್ಲಕ್ಕಿಂತ ದೊಡ್ಡ ಗಣಿ ಕೊಲ್ಲೂರು. ಇಲ್ಲಿಂದ ಪೂರ್ವಕ್ಕೆ ಏಳು ದಿನದ ದಾರಿ. ಕೊಹಿನೂರ್ ಅಲ್ಲಿಯದೇ ಎಂದು ಬಹಳ ಮಂದಿ ನಂಬುತ್ತಾರೆ. ಅಮೆರಿಕದ ವಾಷಿಂಗ್ಟನ್ನಿನ ಮ್ಯೂಸಿಯಂನಲ್ಲಿರುವ ನೀಲಿ ಹೋಪ್ ವಜ್ರದ ಮೂಲವೂ ಅದೇ ಎನ್ನುತ್ತಾರೆ. ಈಗ ಕೊಲ್ಲೂರಿನ ಆ ನೆಲ ಪುಲಿಚಿಂತಲ ಜಲಾಶಯದ ನೀರಿನ ಪಾಲಾಗಿದೆ. ಗೋಲ್ಕೊಂಡ ವಜ್ರ ಹುಟ್ಟಿದ ಊರಲ್ಲ, ಕೈ ಬದಲಾದ ಊರು. ಬ್ರೆಜಿಲಿನಲ್ಲಿ 1720ರ ದಶಕದಲ್ಲಿ ಗಣಿಗಳು ಸಿಗುವವರೆಗೆ ಜಗತ್ತಿಗೆ ವಜ್ರ ಬೇಕೆಂದರೆ ಹೆಚ್ಚುಕಡಿಮೆ ನಮ್ಮ ದೇಶಕ್ಕೇ ಬರಬೇಕಿತ್ತು. ಹಾಗೆ ಬಂದವರು ಸೇರುತ್ತಿದ್ದದ್ದು ಈ ಪೇಟೆಗೆ. ಮಾರಿದ ಊರಿನ ಹೆಸರೇ ಕಲ್ಲಿಗೆ ನಿಂತುಬಿಟ್ಟಿತು. ಗುಂಟೂರಿನ ಸುತ್ತ ಬೆಳೆದ ಮೆಣಸಿನಕಾಯಿಗೆಲ್ಲ ಗುಂಟೂರು ಅನ್ನುವುದಿಲ್ಲವೇ, ಹಾಗೆ.

ಇದನ್ನೆಲ್ಲ ಕಣ್ಣಾರೆ ಕಂಡು ಬರೆದಿಟ್ಟವನು ಜ್ಯಾಂ ಬಾಪ್ಟಿಸ್ಟ್ ತಾವೆರ್ನಿಯೇ ಎಂಬ ಫ್ರೆಂಚ್ ವಜ್ರದ ವ್ಯಾಪಾರಿ. 17ನೇ ಶತಮಾನದ ನಡುವಿನಲ್ಲಿ ಅವನು ಹಲವು ಸಲ ಭಾರತಕ್ಕೆ ಬಂದ, ಗಣಿಗಳಿಗೂ ಹೋದ. ಕೊಲ್ಲೂರಿಗೆ ನಾಡಿನ ಜನ 'ಗಣಿ' ಎನ್ನುತ್ತಾರೆ ಎಂದು ಬರೆದಿದ್ದಾನೆ. ಯಾರೋ ಹೇಳಿದ ಸಾಮಾನ್ಯ ಪದವನ್ನು ಪಾಪ ಊರಿನ ಹೆಸರೆಂದು ತಿಳಿದಿರಬೇಕು! ಇನ್ನೊಂದು ಗಣಿ ರಾವಲ್‌ಕೊಂಡ, ಈಗಿನ ಕರ್ನೂಲಿನ ರಾಮಳ್ಳಕೋಟ ಎಂದು ಗುರುತಿಸುತ್ತಾರೆ. ಗೋಲ್ಕೊಂಡದಿಂದ ಐದು ದಿನ, ನಮ್ಮ ವಿಜಯಪುರದಿಂದ ಎಂಟೊಂಬತ್ತು ದಿನದ ದಾರಿ ಎಂಬುದು ಅವನ ಲೆಕ್ಕ. ಅಲ್ಲಿ ಅವನು ಕಂಡದ್ದು ಓದಿದರೆ ಯಾರಿಗಾದರೂ ಖುಷಿಯಾಗುತ್ತದೆ. ಊರ ನಡುವಿನ ದೊಡ್ಡ ಮರದ ಕೆಳಗೆ ದಿನಾ ಬೆಳಿಗ್ಗೆ ವ್ಯಾಪಾರಿಗಳ ಮಕ್ಕಳು ಬಂದು ಕೂರುತ್ತಿದ್ದರು. ಹತ್ತರಿಂದ ಹದಿನೈದು ಹದಿನಾರು ವರ್ಷದ ಹುಡುಗರು. ಒಂದು ಪಕ್ಕ ಪುಟ್ಟ ಚೀಲದಲ್ಲಿ ವಜ್ರ ತೂಗುವ ಬೊಟ್ಟುಗಳು, ಇನ್ನೊಂದು ಪಕ್ಕ ಹಣದ ಚೀಲ. ಕೆಲವರ ಚೀಲದಲ್ಲಿ 600 ವರಹದವರೆಗೂ ಇರುತ್ತಿತ್ತಂತೆ. ಯಾರಾದರೂ ಕಲ್ಲು ತಂದರೆ ಗುಂಪಿನ ಹಿರಿಯ ಹುಡುಗನ ಕೈಗೆ ಕೊಡಬೇಕು. ಅವನು ನೋಡಿ ಪಕ್ಕದವನಿಗೆ, ಅವನು ನೋಡಿ ಮುಂದಿನವನಿಗೆ, ಒಬ್ಬರೂ ಬಾಯಿಬಿಡದೆ ಸುತ್ತು ಮುಗಿಸಿ ಮತ್ತೆ ಹಿರಿಯವನಿಗೆ. ಸಂಜೆ ಕೊಂಡ ಕಲ್ಲುಗಳನ್ನೆಲ್ಲ ವಿಂಗಡಿಸಿ ದೊಡ್ಡವರಿಗೆ ಮಾರಿ ಲಾಭ ಹಂಚಿಕೊಳ್ಳುವುದು, ಹಿರಿಯವನಿಗೆ ಒಂದಿಷ್ಟು ಹೆಚ್ಚು.

ದೊಡ್ಡವರ ವ್ಯಾಪಾರವಂತೂ ಪೂರ್ತಿ ಮೌನ. ಕೊಳ್ಳುವವನು, ಮಾರುವವನು ಎದುರುಬದುರು ಕುಳಿತು, ಬಟ್ಟೆಯ ಮರೆಯಲ್ಲಿ ಒಬ್ಬರ ಕೈ ಒಬ್ಬರು ಹಿಡಿಯುವುದು. ಇಡೀ ಕೈ ಹಿಡಿದರೆ ಸಾವಿರ, ಐದು ಬೆರಳು ಹಿಡಿದರೆ ಐನೂರು, ಒಂದು ಬೆರಳು ನೂರು, ಅರ್ಧ ಬೆರಳು ಐವತ್ತು, ಬೆರಳ ತುದಿ ಹತ್ತು. ಸುತ್ತ ನಿಂತವರಿಗೆ ಬೆಲೆ ಎಷ್ಟೆಂದು ತಿಳಿಯದು. ಇದನ್ನು ಹೇಳುತ್ತಿದ್ದ ಹಾಗೆ ಅತ್ತೆ ನಕ್ಕುಬಿಟ್ಟರು. "ಇದೇನು ಹೊಸಾದು? ದನದ ಸಂತ್ಯಾಗ ನಮ್ಮಪ್ಪ ಹೆಗಲ ಮ್ಯಾಗಿನ ಟಾವೆಲ್ ಹಾಕಿ ಹಿಂಗ ಬೆರಳು ಹಿಡೀತಿದ್ದ. ಎತ್ತಿನ ರೇಟು ಮನಿಗೆ ಬರೋತನ ಅವ್ವಗೂ ಗೊತ್ತಾಗ್ತಿರ್ಲಿಲ್ಲ." ಫ್ರಾನ್ಸಿನವನು ಬೆರಗಾಗಿ ಪುಟಗಟ್ಟಲೆ ಬರೆದದ್ದು ನಮ್ಮ ಮನೆಯ ಮಾತಾಗಿತ್ತು.

ಅದೇ ಪುಸ್ತಕದಲ್ಲಿ ಇನ್ನೊಂದು ಸಾಲಿದೆ. ಅಲ್ಲಿ ನಾನು ಓದುವುದನ್ನು ಸ್ವಲ್ಪ ಹೊತ್ತು ನಿಲ್ಲಿಸಿದ್ದೆ. ಆ ಗಣಿಯಲ್ಲಿ ಅಗೆಯುವ, ತನ್ನ ಕಸುಬು ಚೆನ್ನಾಗಿ ಬಲ್ಲ ಆಳಿಗೆ ವರ್ಷಕ್ಕೆ ಸಿಗುತ್ತಿದ್ದ ಕೂಲಿ 3 ವರಹ. ತಿಂಗಳಿಗಲ್ಲ, ವರ್ಷಕ್ಕೆ. ವರಹ ಎಂದರೆ ಸುಮಾರು ಮೂರೂವರೆ ಗ್ರಾಮಿನ ಚಿನ್ನದ ನಾಣ್ಯ. ಮರದ ಕೆಳಗಿನ ಹುಡುಗನ ಸೊಂಟದ ಚೀಲದಲ್ಲಿ ಒಬ್ಬ ಆಳಿನ 200 ವರ್ಷದ ಕೂಲಿ. ಕಲ್ಲು ಬಚ್ಚಿಟ್ಟುಕೊಳ್ಳುತ್ತಾರೆಂದು 50 ಆಳುಗಳಿಗೆ 12ರಿಂದ 15 ಕಾವಲುಗಾರರಿದ್ದರಂತೆ.

ಕೊಲ್ಲೂರಿನಲ್ಲಿ ಗಂಡಸರು, ಹೆಂಗಸರು, ಮಕ್ಕಳು ಸೇರಿ 60,000 ಜನ ಕೆಲಸ ಮಾಡುತ್ತಿದ್ದರು ಎನ್ನುತ್ತಾನೆ ತಾವೆರ್ನಿಯೇ. ಗಂಡಸರು ಅಗೆಯುವುದು, ಹೆಂಗಸರು ಮಕ್ಕಳು ಮಣ್ಣು ಹೊರುವುದು. ಹತ್ತಿರವೇ ಒಂದು ಜಾಗ ಸಮಮಾಡಿ, ಸುತ್ತ ಎರಡಡಿ ಗೋಡೆ ಕಟ್ಟಿ, ಹೊತ್ತು ತಂದ ಮಣ್ಣನ್ನು ಅದರಲ್ಲಿ ಸುರಿದು, ಗಡಿಗೆಗಳಲ್ಲಿ ನೀರು ತಂದು ಹಾಕಿ ಕದಡುವುದು. ಕೆಸರು ನೀರು ಹರಿದುಹೋದ ಮೇಲೆ ಉಳಿದ ಗರಸನ್ನು ಬಿಸಿಲಿಗೆ ಒಣಗಿಸುವುದು. ಒಣಗಿದ್ದನ್ನು ಬುಟ್ಟಿಯಲ್ಲಿ ಕಾಳು ಕೇರಿದ ಹಾಗೆ ಕೇರುವುದು. ಧೂಳು ಹಾರಿಹೋಗಿ ಉಳಿದ ಹರಳಿನಲ್ಲಿ ಕೈಯಾಡಿಸಿ ವಜ್ರ ಹುಡುಕುವುದು. ಓದಿದವಳಿಗೆ ನನಗೆ ಕಂಡದ್ದು ಗಣಿಯಲ್ಲ, ನಮ್ಮೂರ ಕಣ. ಹೊರುವುದು, ನೀರು ಹಾಕುವುದು, ಒಣಗಿಸುವುದು, ಕೇರುವುದು, ಆರಿಸುವುದು. ಇವೆಲ್ಲ ಯಾರ ಕೆಲಸ ಎಂದು ನಿಮಗೆ ಹೇಳಬೇಕೇ? ಗೋಲ್ಕೊಂಡದ ಹಿರಿಮೆ ಬರೆಯುವ ಪುಸ್ತಕಗಳಲ್ಲಿ ವಜ್ರ ತೊಟ್ಟ ಬೇಗಂಗಳಿದ್ದಾರೆ, ಕುಣಿದ ತಾರಾಮತಿ ಇದ್ದಾಳೆ. ಮಣ್ಣು ಹೊತ್ತವರಿಗೆ ಒಂದೇ ಒಂದು ಸಾಲು, ಅದೂ ಪರದೇಶದವನು ಬರೆದದ್ದು.

ಮಧ್ಯಾಹ್ನ ಊಟಕ್ಕೆ ಕಟ್ಟಿಕೊಂಡು ಹೋಗಿದ್ದ ಜೋಳದ ರೊಟ್ಟಿ, ಶೇಂಗಾ ಹಿಂಡಿ ತಿಂದು ಕುತುಬ್ ಶಾಹಿ ಗೋರಿಗಳಿಗೆ ಹೋದೆವು. ಬಂಜಾರಾ ದರ್ವಾಜಾದಿಂದ ಹೊರಗೆ, ಹತ್ತಿರವೇ. ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ಊರೂರು ತಿರುಗುತ್ತಿದ್ದ ಬಂಜಾರರ ಹೆಸರನ್ನೇ ಕೋಟೆಯ ಒಂದು ಬಾಗಿಲಿಗೆ ಇಟ್ಟಿದ್ದಾರೆಂದರೆ ಇದು ಎಂಥ ಪೇಟೆಯಾಗಿತ್ತೆಂದು ತಿಳಿಯುತ್ತದೆ. ಒಂದು ಕಾಲಕ್ಕೆ ಇಲ್ಲೆಲ್ಲ ತೋಟ, ಕೆರೆ. ಕೋಟೆಗೆ ಕುಡಿಯುವ ನೀರು ಮಣ್ಣಿನ ಕೊಳವೆಗಳಲ್ಲಿ ಬರುತ್ತಿದ್ದದ್ದು ದುರ್ಗಂ ಚೆರುವಿನಿಂದ ಎನ್ನುತ್ತಾರೆ. ಈಗ ಆ ಕೆರೆಯ ಸುತ್ತ ಐಟಿ ಕಂಪನಿಗಳ ಗಾಜಿನ ಕಟ್ಟಡಗಳು. ನಮ್ಮಲ್ಲಿ ಅರ್ಧ ಜನರ ಮಕ್ಕಳು ಅಲ್ಲೇ ಕೆಲಸದಲ್ಲಿದ್ದಾರೆ. ಗೋರಿಗಳ ಆವರಣ ಮಾತ್ರ ಇನ್ನೂ ಹಳ್ಳಿಯ ಗಾಳಿ ಉಳಿಸಿಕೊಂಡಿದೆ. 2013ರಿಂದ ಆಗಾ ಖಾನ್ ಟ್ರಸ್ಟಿನವರು ಬಾವಿಗಳ ಹೂಳು ತೆಗೆದು, ಗುಮ್ಮಟಗಳಿಗೆ ಸುಣ್ಣದ ಗಾರೆ ಹಾಕಿ ಸರಿಪಡಿಸಿದ್ದಾರೆ.

ಇಬ್ರಾಹಿಂ ಕುತುಬ್ ಶಾಹನ ಗೋರಿಯ ಮುಂದೆ ಅತ್ತೆಗೆ ಇನ್ನೊಂದು ಕಥೆ ಹೇಳಬೇಕಾಯಿತು. 1543ರಲ್ಲಿ ಮುದುಕ ಸುಲ್ತಾನ್ ಕುಲಿಯ ಕೊಲೆಯಾಯಿತು. ಮಗ ಜಂಷೀದನೇ ಮಾಡಿಸಿದ್ದು. ಕಿರಿಯವನಾದ ಇಬ್ರಾಹಿಂ ಜೀವ ಉಳಿಸಿಕೊಳ್ಳಲು ಮೊದಲು ಬೀದರಿಗೆ, ಅಲ್ಲಿಂದ ವಿಜಯನಗರಕ್ಕೆ ಓಡಿದ. ಅಳಿಯ ರಾಮರಾಯನ ಆಶ್ರಯದಲ್ಲಿ ಏಳು ವರ್ಷ ಹಂಪಿಯಲ್ಲಿದ್ದ. 1550ರಲ್ಲಿ ಹಿಂದಿರುಗಿ ದೊರೆಯಾದ. 1565ರ ಜನವರಿಯಲ್ಲಿ ರಕ್ಕಸ ತಂಗಡಿಯ ಯುದ್ಧದಲ್ಲಿ ರಾಮರಾಯನ ತಲೆ ಬಿದ್ದಾಗ ಎದುರಿನ ಸೈನ್ಯದಲ್ಲಿ ಇವನೂ ಇದ್ದ. "ಉಂಡ ಮನಿಗೆ ಎರಡು ಬಗದ" ಎಂದು ಅತ್ತೆ ಗೋರಿಗೆ ಬೆನ್ನು ಹಾಕಿಬಿಟ್ಟರು. ನನಗೆ ಅಷ್ಟು ಸುಲಭವಾಗಿ ತೀರ್ಪು ಕೊಡಲು ಆಗಲಿಲ್ಲ. ಹಿಂದಿರುಗಿದ ಮೇಲೆ ಇವನು ತೆಲುಗು ಕವಿಗಳಿಗೆ ಆಸರೆಯಾದ, ತೆಲುಗರು ಪ್ರೀತಿಯಿಂದ ಮಲ್ಕಿಭರಾಮ ಎಂದು ಕರೆದರು. ಹುಸೇನ್ ಸಾಗರ ಇವನ ಕಾಲದ್ದು. ಮೂಸಿ ನದಿಗೆ 1578ರಲ್ಲಿ ಪುರಾನಾ ಪುಲ್ ಕಟ್ಟಿಸಿದವನೂ ಇವನೇ. ಮಗ ಮಹಮ್ಮದ್ ಕುಲಿ ಭಾಗಮತಿಯನ್ನು ನೋಡಲು ಪ್ರವಾಹದಲ್ಲಿ ಕುದುರೆ ಇಳಿಸಿದ, ಅದಕ್ಕೆ ಹೆದರಿ ತಂದೆ ಸೇತುವೆ ಕಟ್ಟಿಸಿದ ಎಂಬ ಕಥೆ ಎಲ್ಲರಿಗೂ ಗೊತ್ತು. 1578ರಲ್ಲಿ ಆ ಹುಡುಗನಿಗೆ ಇನ್ನೂ ಹದಿಮೂರು ವರ್ಷ ಅಷ್ಟೆ. ಸೇತುವೆ ಕಟ್ಟಿದ್ದು ಪ್ರೇಮಕ್ಕಲ್ಲ, ವ್ಯಾಪಾರದ ಗಾಡಿಗಳಿಗೆ ಎಂದೇ ನನ್ನ ಲೆಕ್ಕ. ಕೋಟೆಯೊಳಗೆ ಜನ ತುಂಬಿ ಉಸಿರು ಕಟ್ಟಿತ್ತು, ಪೇಟೆ ಹೊರಗೆ ಚೆಲ್ಲುತ್ತಿತ್ತು. 1591ರಲ್ಲಿ ಚಾರ್‌ಮಿನಾರ್ ಎದ್ದು ಹೊಸ ನಗರ ಬೆಳೆದದ್ದು ಆ ಸೇತುವೆಯ ಆಚೆ.

ಅಲ್ಲಿಂದ ಹಯಾತ್ ಬಕ್ಷಿ ಬೇಗಂ ಗೋರಿಗೆ ನಡೆದೆವು. ರಾಜರ ಗೋರಿಗಳಿಗೆ ಸಮನಾಗಿ ನಿಂತ ದೊಡ್ಡ ಗುಮ್ಮಟ ಅದು. ಇವಳು ಮಹಮ್ಮದ್ ಕುಲಿಯ ಮಗಳು, ಸುಲ್ತಾನ್ ಮಹಮ್ಮದನ ಹೆಂಡತಿ, ಅಬ್ದುಲ್ಲಾನ ತಾಯಿ. 1626ರಲ್ಲಿ ಗಂಡ ತೀರಿಕೊಂಡಾಗ ಮಗ ಇನ್ನೂ ಹುಡುಗ, ರಾಜ್ಯದ ಹೊರೆ ಇವಳ ಮೇಲೆ ಬಿತ್ತು. ಮಗ ದೊಡ್ಡವನಾದ ಮೇಲೂ ಕಷ್ಟ ಬಂದಾಗ ಎಲ್ಲರೂ ನೋಡುತ್ತಿದ್ದದ್ದು ಇವಳ ಕಡೆಗೇ. ಕಷ್ಟ ಬಂದದ್ದು ವಜ್ರದ ದಾರಿಯಲ್ಲೇ. ಇರಾನಿನಿಂದ ಬಂದ ಮೀರ್ ಜುಮ್ಲಾ ವಜ್ರದ ವ್ಯಾಪಾರದಲ್ಲಿ ಮೇಲೆ ಬಂದು ಇಲ್ಲಿಯ ಮುಖ್ಯಮಂತ್ರಿಯಾದ, ಗಣಿಗಳೂ ಅವನ ಕೈಗೆ ಬಂದವು. ದೊರೆಗೂ ಅವನಿಗೂ ಮನಸ್ತಾಪವಾಗಿ ಮೊಗಲರ ಕಡೆ ಸೇರಿಕೊಂಡ. ಅದೇ ನೆಪ ಮಾಡಿಕೊಂಡು 1656ರಲ್ಲಿ ದಖ್ಖನಿನ ಸುಬೇದಾರನಾಗಿದ್ದ ಔರಂಗಜೇಬ ದಂಡೆತ್ತಿ ಬಂದ. ಹೈದರಾಬಾದ್ ನಗರ ಲೂಟಿಯಾಯಿತು, ಅಬ್ದುಲ್ಲಾ ಗೋಲ್ಕೊಂಡದ ಗೋಡೆಯೊಳಗೆ ಸೇರಿ ಬಾಗಿಲು ಹಾಕಿಕೊಂಡ. ಆಗ ಕೋಟೆಯಿಂದ ಹೊರಬಂದು, ಶತ್ರುವಿನ ಬಿಡಾರಕ್ಕೇ ಹೋಗಿ ಔರಂಗಜೇಬನ ಎದುರು ಮಾತಾಡಿದವಳು ಈ ತಾಯಿ. ಒಂದು ಕೋಟಿ ರೂಪಾಯಿ ಕಪ್ಪ, ಮೊಮ್ಮಗಳನ್ನು ಔರಂಗಜೇಬನ ಮಗನಿಗೆ ಕೊಡುವುದು – ಹೀಗೆ ಮಾತು ಮುಗಿಯಿತು. ದೆಹಲಿಯಿಂದ ಶಹಜಹಾನನ ಅಪ್ಪಣೆಯೂ ಬಂದು ಮುತ್ತಿಗೆ ಎದ್ದಿತು. ರಾಜ್ಯ ಇನ್ನು 31 ವರ್ಷ ಉಳಿಯಿತು. ಇವಳು 1667ರಲ್ಲಿ ತೀರಿಕೊಂಡಳು.

ಮಗಳು ಅಷ್ಟೂ ಹೊತ್ತು ಸುಮ್ಮನಿದ್ದವಳು, "ಮೊಮ್ಮಗಳನ್ನ ಒಂದು ಮಾತು ಕೇಳಿದ್ರಾ ಅಮ್ಮಾ?" ಅಂದಳು. ಅದನ್ನು ಯಾರೂ ಬರೆದಿಟ್ಟಿಲ್ಲ. ಆ ಹುಡುಗಿ ಮೊಗಲರ ಬಿಡಾರಕ್ಕೆ ಹೋದಳು ಎಂಬಲ್ಲಿಗೆ ನಾನು ಓದಿದ ಪುಸ್ತಕಗಳು ಮುಂದಿನ ಸಂಗತಿಗೆ ಹೋಗಿಬಿಡುತ್ತವೆ.

ಉಳಿದದ್ದು ನಿಮಗೆ ಗೊತ್ತಿರುವುದೇ. 1686ರಲ್ಲಿ ಅಕ್ಕನ್ನ, ಮಾದನ್ನ ಮಂತ್ರಿಗಳ ಕೊಲೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ ವಿಜಯಪುರ ಔರಂಗಜೇಬನ ವಶ. ಮರುವರ್ಷ ಗೋಲ್ಕೊಂಡ. ಎಂಟು ತಿಂಗಳು ಫಿರಂಗಿ, ಸುರಂಗ ಏನು ಮಾಡಿದರೂ ಬೀಳದ ಕೋಟೆ, ಒಳಗಿನ ಅಬ್ದುಲ್ಲಾ ಖಾನ್ ಪನಿ ಎಂಬಾತ ಲಂಚ ತಿಂದು ರಾತ್ರಿ ಬಾಗಿಲು ತೆರೆದಿದ್ದಕ್ಕೆ ಬಿತ್ತು. ಕೊನೆಯ ದೊರೆ ತಾನಾಶಾಹ ದೌಲತಾಬಾದಿನ ಸೆರೆಯಲ್ಲಿ ಸತ್ತ. ಈ ಗೋರಿಗಳ ನಡುವೆ ಅವನಿಗೆ ಜಾಗ ಸಿಗಲಿಲ್ಲ.

ಹಿಂದಿರುಗುವಾಗ ಕಾರ್ವಾನ್ ಮೇಲೆ ಬಂದೆವು. ಕೋಟೆಯಿಂದ ಪುರಾನಾ ಪುಲ್ಲಿನ ಕಡೆ ಹೋಗುವ ದಾರಿಯ ಈ ಬಡಾವಣೆಯ ಹೆಸರೇ ವ್ಯಾಪಾರಿಗಳ ತಂಡ ಎಂಬ ಅರ್ಥದ್ದು. ವಜ್ರದ ಸಾಹುಕಾರರು ಇದ್ದದ್ದು ಇಲ್ಲಿ. ನದಿಯ ಈಚೆ ದಡದ ಪೇಟೆಯಲ್ಲಿ ವ್ಯಾಪಾರಿಗಳು, ದಲ್ಲಾಳಿಗಳು, ಕಸುಬುದಾರರು ಇದ್ದರು, ಹಗಲು ಹತ್ತು ಹನ್ನೊಂದರ ಹೊತ್ತಿಗೆ ಸೇತುವೆ ದಾಟಿ ನಗರಕ್ಕೆ ಹೋಗಿ ವ್ಯವಹಾರ ಮುಗಿಸಿ ಸಂಜೆ ಮಲಗಲು ಮನೆಗೆ ಬರುತ್ತಿದ್ದರು ಎಂದು ತಾವೆರ್ನಿಯೇ ಬರೆದಿದ್ದಾನೆ. ಈಗಿನ ನಮ್ಮ ಆಫೀಸಿನವರಿಗೂ ಅವರಿಗೂ ಏನು ವ್ಯತ್ಯಾಸ? 1671ರ ತೋಲಿ ಮಸೀದಿ ರಸ್ತೆಯ ಪಕ್ಕದಲ್ಲಿ ಚೆಂದದ ಗಾರೆ ಕೆಲಸ ಹೊತ್ತು ನಿಂತಿದೆ. ಅದರ ಸುತ್ತ ಟೈರ್ ಅಂಗಡಿ, ಮೊಬೈಲ್ ಅಂಗಡಿ, ಬಟ್ಟೆ ಹೊಲಿಯುವವರು. ವಜ್ರ ಎಂಬುದರ ಸುಳಿವಿಲ್ಲ.

ಆಟೋ ಸಂದಣಿಯಲ್ಲಿ ನಿಂತಾಗ, ಎರಡು ವಾರದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಹೇಳಿಬಿಟ್ಟೆ. "ಅತ್ತಿಯವರ, ಇನ್ನೊಂದು ಮಾತದ. ನಿಮ್ಮ ಅಜ್ಜಿ ಓಲಿ ಮಾಡಿಸೋ ಹೊತ್ತಿಗೆ ಈ ಗಣಿಗಳೆಲ್ಲ ಬರಿದಾಗಿದ್ದವು. 1867ರ ಮ್ಯಾಲ ದಕ್ಷಿಣ ಆಫ್ರಿಕಾದಾಗ ವಜ್ರ ಸಿಕ್ಕವು. ಆಮ್ಯಾಲ ಪೇಟಿಗೆ ಬಂದದ್ದು ಹೆಚ್ಚಾಗಿ ಅಲ್ಲಿದೇ. ಇವು ಗೋಲ್ಕೊಂಡದ್ದು ಇರ್ಲಿಕ್ಕಿಲ್ಲರಿ."

ಬೇಜಾರಾಗುತ್ತಾರೆ, ಬೆಲೆ ಕಡಿಮೆಯಾಯಿತು ಅನ್ನುತ್ತಾರೆ ಎಂದುಕೊಂಡಿದ್ದೆ. ಅತ್ತೆ ಒಂದು ಕಿವಿಯ ಓಲೆಯನ್ನು ಬೆರಳಲ್ಲಿ ತಿರುಗಿಸುತ್ತ ಕುಳಿತರು. ಆಮೇಲೆ, "ಅಲ್ಲೂ ಒಬ್ಬಾಕಿ ಮಣ್ಣು ಹೊತ್ತಿರ್ತಾಳ ಬಿಡು" ಅಂದರು. ಮುಂದೆ ಮನೆ ಬರುವವರೆಗೆ ಮಾತಾಡಲಿಲ್ಲ.

ಅತ್ತೆ ಹುಸೇನ್ ಸಾಗರ ರೈಲಿಗೆ ಹೊರಟದ್ದು ಗುರುವಾರ. ಅಂದು ಬೆಳಿಗ್ಗೆ ದೇವರ ಮುಂದೆ ಕೂತು ಓಲೆ ಬಿಚ್ಚಿ, ಕರವಸ್ತ್ರದಲ್ಲಿ ಗಂಟು ಕಟ್ಟಿ ಮೊಮ್ಮಗಳ ಕೈಯಲ್ಲಿಟ್ಟರು. "ಆಯೀ, ಬ್ಯಾಡ" ಎಂದು ಅವಳು ಅತ್ತಳು. "ಮಾರ್ತಿ ಅಂದ್ರ ಮಾರು, ಇಟ್ಕೋತಿ ಅಂದ್ರ ಇಟ್ಕೋ, ನಿನ್ನ ಕೇಳೇ ಕೊಡ್ಲಕತ್ತೀನಿ" ಅಂದರು ಅತ್ತೆ. ನನ್ನವರು ಬಾಲ್ಕನಿಯಲ್ಲಿ ನಿಂತು ಪೇಪರ್ ಓದುವವರಂತೆ ನಟಿಸುತ್ತಿದ್ದರು. ಗಂಟು ಈಗ ನಮ್ಮ ಬೀರುವಿನಲ್ಲಿದೆ. ಮಗಳು ಇನ್ನೂ ಏನೂ ಹೇಳಿಲ್ಲ, ನಾನೂ ಕೇಳಿಲ್ಲ. ಸ್ಟೇಷನ್ನಿನಲ್ಲಿ ರೈಲು ಹತ್ತಿಸುವಾಗ ನೋಡಿದೆ, ಕಿವಿಯ ತೂತು ಮುಚ್ಚದಿರಲೆಂದು ಅತ್ತೆ ಎರಡು ಬೇವಿನ ಕಡ್ಡಿ ಸಿಕ್ಕಿಸಿಕೊಂಡಿದ್ದರು.